ನಿಂತ ಮರದ ತೊಗಟೆ

ಹದಿನಾರು ವರ್ಷಗಳ ಹಿಂದೆ ಆಸ್ಪತ್ರೆಯ ಮಂಚದ ಪಕ್ಕ ನಿಂತು ಗಂಡನಿಗೆ ನಾನೊಂದು ಮಾತು ಕೊಟ್ಟಿದ್ದೆ: ನಮ್ಮ ಮಗಳು ಯಾವತ್ತೂ ಸಾಮಿಲ್ಲಿನಲ್ಲಿ ದುಡಿಯುವುದಿಲ್ಲ. ಅಂದು ಬೆಳಿಗ್ಗೆ ಅವರ ಬಲಗೈಯ ಮೂರು ಬೆರಳು ಗರಗಸಕ್ಕೆ ಹೋಗಿದ್ದವು. ಮಗಳಿಗಾಗ ಮೂರು ವರ್ಷ.

ಆಮೇಲೆ ಅವರು ಎಡಗೈ ರೂಢಿ ಮಾಡಿಕೊಂಡು ಒಂದು ಅಂಗಡಿಯಲ್ಲಿ ಸಾಮಾನು ತೂಗಲು ನಿಂತರು. ನಾನು ಅದೇ ಮಿಲ್ಲಿನ ಅಂಗಳಕ್ಕೆ ಸೇರಿದೆ. ಲಾರಿಯಿಂದ ಇಳಿದ ದಿಮ್ಮಿಗಳ ಜಾತಿ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದು ನನ್ನ ಕೆಲಸ. ತೊಗಟೆ ಮೇಲೆ ಕೈಯಿಟ್ಟರೆ ಸಾಕು, ಹೆಸರು ಬಾಯಿಗೆ ಬರುತ್ತದೆ.

ಈ ವರ್ಷ ಮಗಳು ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದಳು. ಬರೆಯುವ ಪರೀಕ್ಷೆ ಮುಗಿಯಿತು, ಓಟವೂ ಮುಗಿಯಿತು. ಉಳಿದದ್ದು ಮರ ಗುರುತಿಸುವುದೊಂದೇ. ಮೇಜಿನ ಮೇಲೆ ಹತ್ತು ಎಲೆ, ತೋಪಿನಲ್ಲಿ ಹತ್ತು ಮರ. ಮರಗಳನ್ನು ತೊಗಟೆಯಿಂದಲೇ ಹೇಳಬೇಕು. ಇಪ್ಪತ್ತಕ್ಕೆ ಹದಿನೆಂಟು ಬಂದರೆ ಪಾಸು.

ಅಷ್ಟರಲ್ಲಿ ನನ್ನ ಬೆನ್ನು ಕೈಕೊಟ್ಟಿತ್ತು. ಮನೆಗೆ ಇನ್ನೊಂದು ದುಡಿಮೆ ಬೇಕೇ ಬೇಕಿತ್ತು. ಮಿಲ್ಲಿನ ಮೇಸ್ತ್ರಿ ಬೇರೆ ದಿನಾ ಕೇಳುತ್ತಿದ್ದ: "ಹಲಗೆ ಜೋಡಿಸೋಕೆ ಒಬ್ರು ಬೇಕು ಕಣಮ್ಮ. ಸೋಮವಾರ ಮಗಳನ್ನ ಕಳಿಸ್ತೀಯೋ, ಬೇರೆಯವರನ್ನ ಕರೀಲೋ?"

"ಶನಿವಾರ ಹೇಳ್ತೀನಿ," ಎನ್ನುತ್ತಿದ್ದೆ. ಪರೀಕ್ಷೆ ಇದ್ದದ್ದು ಶನಿವಾರ.

ಎಲೆಗಳನ್ನು ಅವಳೇ ಕಲಿತಳು. ಉದ್ಯಾನ, ರಸ್ತೆಬದಿ ಎಲ್ಲ ಸುತ್ತಿ, ಆರಿಸಿ ತಂದು, ಹಳೆ ಪೇಪರಿನ ನಡುವೆ ಒತ್ತಿಟ್ಟಳು. ತೊಗಟೆಯ ಪಾಠ ನನ್ನದು. ಊಟದ ಚೀಲದಲ್ಲಿ ಚಕ್ಕೆ ತುಂಬಿಕೊಂಡು ಬಂದು ಸಂಜೆ ಅಡುಗೆಮನೆಯ ನೆಲದ ಮೇಲೆ ಹರಡುತ್ತಿದ್ದೆ.

"ಕಣ್ಣು ಮುಚ್ಚಿ ಮುಟ್ಟು. ಮೊಸಳೆ ಬೆನ್ನಿನ ಹಾಗೆ ಚೌಕ ಚೌಕ ಒಡೆದಿದ್ರೆ ಮತ್ತಿ. ಒಡೆದಿಲ್ವಾ, ಮತ್ತಿ ಅಲ್ಲ, ಮುಗೀತು."

"ಯಾವಾಗ್ಲೂ ಹಂಗೇ ಇರತ್ತಾ ಅಮ್ಮ?"

"ಹದಿನಾರು ವರ್ಷದಿಂದ ನೋಡ್ತಿದ್ದೀನಿ ಕಣೇ. ನಂಗೇ ಹೇಳ್ಕೊಡ್ತೀಯಾ?"

ಗಂಡ ಬಾಗಿಲಲ್ಲಿ ನಿಂತು ನಕ್ಕರು. "ಏನ್ರೇ ಇದು, ರಾತ್ರಿ ಊಟಕ್ಕೆ ತೊಗಟೆ ಪಲ್ಯನಾ?"

"ನಿಮಗೆ ಒಗ್ಗರಣೆ ಜಾಸ್ತಿ ಹಾಕಿಸ್ತೀನಿ, ಸುಮ್ನೆ ಹೋಗ್ರೀ," ಎಂದೆ. ನಗು ಬರಲಿಲ್ಲ.

ಶನಿವಾರ ಅರ್ಧ ದಿನ ರಜೆ ಹಾಕಿ, ಇಲಾಖೆಯ ತೋಪಿನ ತಂತಿಬೇಲಿಯ ಹೊರಗೆ ನಿಂತೆ. ಎಲೆಯ ಮೇಜಿನಲ್ಲಿ ಅವಳಿಗೆ ತಡೆಯೇ ಇರಲಿಲ್ಲ. ಒಂದು ಚಿಗುರನ್ನು ಬೆರಳಲ್ಲಿ ತಿಕ್ಕಿ ಕೆಂಪು ಬಣ್ಣ ನೋಡಿದಳು, ತೇಗವೆಂದು ಬರೆದಿರಬೇಕು. ಆಮೇಲೆ ಮರಗಳ ಸರದಿ. ಒಂದೊಂದಕ್ಕೂ ನಂಬರಿನ ಚೀಟಿ ಕಟ್ಟಿದ್ದರು. ನಾನೂ ಹೊರಗಿನಿಂದಲೇ ಹೇಳಿಕೊಳ್ಳುತ್ತ ಬಂದೆ: ಒಂದು ತೇಗ, ಎರಡು ಹೊನ್ನೆ, ಮೂರು ನಂದಿ...

ಆರನೆಯದಕ್ಕೆ ಬಾಯಿ ಕಟ್ಟಿತು. ತೊಡೆಗಾತ್ರದ ಮರ. ಬೂದು ತೊಗಟೆ, ಮೇಲೆ ಸಣ್ಣ ಗೀರುಗಳಷ್ಟೇ. ಅಂಥದ್ದನ್ನು ನಾನು ಅಂಗಳದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಪಕ್ಕದಲ್ಲಿ ಸಸಿಗಳಿಗೆ ನೀರು ಬಿಡುತ್ತಿದ್ದ ಮಾಲಿಯನ್ನು ಕೇಳಿದೆ. "ಅಣ್ಣ, ಆ ಆರನೇದು ಯಾವ ಮರ?"

"ಮತ್ತಿ."

"ಮತ್ತಿನಾ? ಒಡೆದೇ ಇಲ್ವಲ್ಲ!"

"ಎಳೇದು ತಾಯಿ. ಹುಟ್ಟುತ್ತಲೇ ಮುದುಕಿ ಆಗತ್ತಾ?" ಪೈಪು ಎಳೆದುಕೊಂಡು ಮುಂದೆ ಹೋಗುತ್ತ ಅವನೇ ಸೇರಿಸಿದ: "ಎಂಟು, ಒಂಬತ್ತೂ ಎಳೇವೇ. ಎಲ್ಲಾರೂ ಅಲ್ಲೇ ಬೀಳೋದು."

ಮಿಲ್ಲಿಗೆ ಬರುವುದೆಲ್ಲ ಕಡಿಯುವಷ್ಟು ಬಲಿತ ಮರ. ಎಳೆಯದನ್ನು ಯಾರು ತರುತ್ತಾರೆ? ಮಲಗಿದ ಮುದಿಮರಗಳನ್ನಷ್ಟೇ ನೋಡಿ ನಾನು ಮಗಳಿಗೆ ಕಾಡು ಕಲಿಸಿದ್ದೆ.

ಅವಳು ಆರನೆಯ ಮರದ ಬಳಿ ಬಂದಳು. ಕಣ್ಣು ಮುಚ್ಚಿ ಅಂಗೈ ಇಟ್ಟಳು. ನಾನು ಕಲಿಸಿದ ಹಾಗೆಯೇ. ಕೂಗಿಬಿಡಲೇ ಅನ್ನಿಸಿತು. ಕೂಗಿದರೆ ಅವಳನ್ನೇ ಹೊರಗೆ ಹಾಕುತ್ತಾರೆ. ಬೇಲಿ ಹಿಡಿದು ಜೋರಾಗಿ ಕೆಮ್ಮಿದೆ. ಅವಳು ತಿರುಗಿದಳು. ಮರ ಇನ್ನೂ ಎಳೆಯದು ಎಂದು ಕಣ್ಣಲ್ಲಿ ಹೇಳುವುದು ಹೇಗೆ? ತಲೆ ಅಲ್ಲಾಡಿಸಿದೆ. ಧೈರ್ಯ ಹೇಳುತ್ತಿದ್ದೇನೆಂದು ತಿಳಿದು ಅವಳು ನಕ್ಕಳು.

"ಬೇಲಿ ಬಿಟ್ಟು ಹಿಂದೆ ಸರೀರಿ ತಾಯಿ," ಎಂದು ಅಧಿಕಾರಿ ಗದರಿದರು. ಸರಿದೆ. ಅವಳು ತಡವರಿಸದೆ ಏನೋ ಬರೆದು ಏಳನೆಯದಕ್ಕೆ ನಡೆದಳು.

ಮಧ್ಯಾಹ್ನ ಬೋರ್ಡಿಗೆ ಪಟ್ಟಿ ಹಚ್ಚಿದರು. ಎಲೆಗೆ ಹತ್ತಕ್ಕೆ ಹತ್ತು. ತೊಗಟೆಗೆ ಏಳು. ಪಾಸಿಗೆ ಒಂದು ಕಡಿಮೆ.

ದಾರಿಯಲ್ಲಿ ನಾನೇ ಹೇಳಿದೆ. "ಕೆಡಿಸಿದ್ದು ನಾನು. ಆರನೇದು ಎಳೇ ಮತ್ತಿ ಅಂತೆ, ಎಳೇದು ಒಡೆದಿರಲ್ವಂತೆ. ನೀನು ಕೇಳ್ದೆ, ಯಾವಾಗ್ಲೂ ಹಂಗೇ ಇರತ್ತಾ ಅಂತ."

"ಬಿಡಮ್ಮ. ಬಿದ್ದ ಮರಕ್ಕೆ ಪರೀಕ್ಷೆ ಇಟ್ಟಿದ್ರೆ ನಾನೇ ಫಸ್ಟು." ನಗಲು ನೋಡಿದಳು.

"ಮತ್ತೆ ಯಾವಾಗ ಕರೀತಾರಂತೆ?"

"ಎರಡು ವರ್ಷ ಆಗ್ಬಹುದಂತೆ." ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು, "ಮೇಸ್ತ್ರಿಗೆ ಇವತ್ತೇ ಹೇಳ್ಬೇಕಲ್ವಾ?"

"ಹೂಂ."

ಸೋಮವಾರ ಎಂಟು ಗಂಟೆಗೆ ಅವಳು ಹಲಗೆ ಜೋಡಿಸಲು ಮಿಲ್ಲಿಗೆ ಸೇರಿದಳು. ಕೊಟ್ಟ ಮಾತು ನಾನು ಉಳಿಸಿಕೊಳ್ಳಲಿಲ್ಲ.