ಬಾಯಿಂದ ಬೀಳಬಾರದ ಮಾತು

ಸುಮಿತ್ರವ್ವನ ಮನೆಯಲ್ಲಿ ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ಅಸ್ತು ದೇವತೆಗಳು ಸದಾ ತಲೆಯ ಮೇಲೆ ಸುತ್ತುತ್ತಿರುತ್ತಾರೆ, ಬಾಯಿಂದ ಬಿದ್ದ ಕೆಟ್ಟ ಮಾತಿಗೆ ಅಸ್ತು ಅಂದುಬಿಡುತ್ತಾರೆ ಎಂದು ಕೋಟುಮಚಗಿಯ ಆ ಮನೆಗೆ ಕಾಲಿಟ್ಟ ಹೊಸದರಲ್ಲೇ ಸೊಸೆ ಶಾಂಭವಿಗೆ ಪಾಠವಾಗಿತ್ತು. ಡಿಗ್ರಿ ಮುಗಿಸಿದ ಹುಡುಗಿ, ಆಗ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. ಹೊಟ್ಟೆಯೊಳಗೆ ಕೂಸು ಮಿಸುಕಾಡತೊಡಗಿದ ಮೇಲೆ ಆ ನಗು ಎಲ್ಲಿ ಹೋಯಿತೋ, ಈಗ ಅತ್ತೆಗಿಂತ ಅವಳೇ ಒಂದು ಕೈ ಮೇಲು.

ಅದಕ್ಕೇ ಗದಗಿನ ದವಾಖಾನೆಯಲ್ಲಿ ನೀಲಾ ಎಂಬ ಹುಡುಗಿ ಎದುರು ಕುಳಿತಾಗ, ಪಕ್ಕದಲ್ಲಿ ಅತ್ತೆಯನ್ನು ಕೂರಿಸಿಕೊಂಡಿದ್ದ ಶಾಂಭವಿ ತುಟಿ ಬಿಗಿದುಕೊಂಡಳು. ನೀಲಾ ಮನಃಶಾಸ್ತ್ರ ಓದುವವಳು. ತಪಾಸಣೆಗೆ ಬಂದ ಬಸುರಿಯರನ್ನು ಒಬ್ಬೊಬ್ಬರಾಗಿ ಕರೆದು, ಹೆರಿಗೆಯ ಅಂಜಿಕೆಯನ್ನು ಜೋಳ ಅಳೆದಂತೆ ಅಳೆಯುತ್ತಿದ್ದಳು. ಅಂಜಿಕೆ ಇಲ್ಲವೇ ಇಲ್ಲವೆಂದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಐದು. ಅಂಕ ಹೆಚ್ಚು ಬಂದವರ ಜೊತೆಗೆ ಮನೆಯ ಹೆಂಗಸೊಬ್ಬಳನ್ನು ಹೆರಿಗೆ ಕೋಣೆಯೊಳಗೆ ಬಿಡಲು ಡಾಕ್ಟರು ಒಪ್ಪಿದ್ದಾರೆ, ಉಳಿದವರು ಒಬ್ಬರೇ ಹೋಗಬೇಕು ಎಂದು ಮೊದಲೇ ಬಿಡಿಸಿ ಹೇಳಿದಳು.

ಶಾಂಭವಿಗೆ ಬೇಕಾಗಿದ್ದುದು ಆ ಜೊತೆಯೊಂದೇ. ಅವಳ ತಾಯಿ ಎರಡನೆಯ ಹೆರಿಗೆಗೆಂದು ಅಂಥದೇ ಒಂದು ಬಾಗಿಲೊಳಗೆ ನಡೆದುಕೊಂಡೇ ಹೋದವಳು, ತಿರುಗಿ ಬರಲಿಲ್ಲ. ಕೊನೆಗಳಿಗೆಯಲ್ಲಿ ಪಕ್ಕದಲ್ಲಿ ತನ್ನವರೆನ್ನುವವರು ಒಬ್ಬರೂ ಇರಲಿಲ್ಲವಂತೆ. ಆ ಬಾಗಿಲು ಈಗ ದಿನವೂ ಶಾಂಭವಿಯ ಕನಸಿನಲ್ಲಿ ಮುಚ್ಚಿಕೊಳ್ಳುತ್ತಿತ್ತು.

"ಹಡಿಯೋ ಮುಂದ ಸಾಯ್ತೀನಿ ಅನ್ನೋ ಅಂಜಿಕಿ ಎಷ್ಟೈತ್ರಿ?" ನೀಲಾ ಕೇಳಿದಳು.

ಐದು ಎಂದರೆ ಅಸ್ತು ಎನ್ನಲು ದೇವತೆಗಳು ಕಾದಿದ್ದಾರೆ. ಸೊನ್ನೆ ಎಂದರೆ ಆ ಬಾಗಿಲೊಳಗೆ ಒಬ್ಬಳೇ. ಶಾಂಭವಿ ಸೊನ್ನೆ ಎಂದಳು. ಕೂಸಿಗೆ ಏನಾದರೂ ಆದೀತೆಂಬ ಅಂಜಿಕೆ? ಅದಕ್ಕೂ ಸೊನ್ನೆ. ಹೊಟ್ಟೆಯ ಮೇಲಿಟ್ಟ ಕೈ ಮಾತ್ರ ಗಡಗಡ ನಡುಗುತ್ತಿತ್ತು.

ಅತ್ತೆಗೆ ಹೆದರಿ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡ ನೀಲಾ, ಸುಮಿತ್ರವ್ವನನ್ನು ಹೊರಗೆ ಕೂರಲು ಹೇಳಿದಳು. ಬಾಗಿಲವರೆಗೆ ಹೋದ ಸುಮಿತ್ರವ್ವ ತಿರುಗಿ ನೋಡಿದಳು. ಸೊಸೆಯ ಕೈ ಕಂಡಿತು. ಹಾಗೇ ವಾಪಸು ಬಂದಳು.

"ಆಕಿ ಬಾಯಿಲೆ ಅನಿಸಬ್ಯಾಡ ತಂಗಿ, ನನ್ನ ಕೇಳು," ಎಂದಳು.

ಬಸುರಿಯೇ ಉತ್ತರಿಸಬೇಕೆಂದು ನೀಲಾ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ದೀಪ ಆರಿತೆಂದು ಒಮ್ಮೆಯೂ ಅನ್ನದ ಹೆಂಗಸು, ತಲೆ ಎತ್ತಿ, ಮೇಲೆ ಸುತ್ತುವ ದೇವತೆಗಳಿಗೆ ಗುರುತು ತಪ್ಪದಂತೆ ಬಿಡಿಸಿ ಹೇಳಿದಳು: "ಸಾಯೋ ಅಂಜಿಕಿ ನನಗೈತಿ. ಈ ಸುಮಿತ್ರವ್ವಗ. ಐದು ಬರ್ಕೊ."

ಅತ್ತೆ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಶಾಂಭವಿ ಎದ್ದು ಆ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು.

"ಬ್ಯಾಡ್ರಿ ಅತ್ತಿ," ಎಂದಳು. ನೀಲಾಳ ಕಡೆ ತಿರುಗಿದಳು. "ಆ ಅಂಜಿಕಿ ಅವರದಲ್ರಿ, ನಂದು. ಎಲ್ಲಾದಕ್ಕೂ ಐದ ಬರಕೊಳ್ರಿ."

ಮಾತು ಬಿದ್ದುಹೋಗಿತ್ತು, ಹೆಕ್ಕುವಂತಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಕೈಕೈ ಹಿಡಿದು ಬೆಂಚಿನ ಮೇಲೆ ಕುಳಿತು, ಮೇಲಿನಿಂದ ಯಾರಾದರೂ ಅಸ್ತು ಅಂದಾರೇನೋ ಎಂದು ಉಸಿರು ಬಿಗಿಹಿಡಿದು ಆಲಿಸಿದರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಒಳಗೆ ಜೊತೆಗೆ ಬರುವವರು ಯಾರು ಎಂದು ನೀಲಾ ಕೇಳಿದಳು. ಸುಮಿತ್ರವ್ವ ಇನ್ನು ಬಾಯಿ ಬಿಡಲು ಹೆದರಿ, ಹಿಡಿದಿದ್ದ ಕೈಯನ್ನೇ ಎತ್ತಿ ತೋರಿಸಿದಳು.