ಸುಟ್ಟರೂ ಉರಿಯದ ಕೈ

ಇಸ್ತ್ರಿ ಅಂಗಡಿಯ ಸೊಸೆಯ ಕೈ ಬೆಂಕಿಗೂ ಬಗ್ಗದ ಕೈ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಬೇರೆಯವರು ಬೆರಳಿಗೆ ನೀರು ಹಚ್ಚಿಕೊಂಡು ಇಸ್ತ್ರಿಪೆಟ್ಟಿಗೆಯ ಕಾವು ನೋಡಿದರೆ ಇವಳು ಒಣಬೆರಳನ್ನೇ ತಾಗಿಸುತ್ತಿದ್ದಳು. "ಪಳಗಿದ ಕೈ ಕಣ್ರೀ" ಎಂದು ಗಂಡನೂ ಗಿರಾಕಿಗಳ ಮುಂದೆ ಬೀಗುತ್ತಿದ್ದ. ಮಣಿಕಟ್ಟಿನ ಮೇಲೊಂದು ತಿಳಿ ಮಚ್ಚೆಯಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಒಂದು ಸಂಜೆ ಅತ್ತೆ ಸೊಸೆ ಧಾರಾವಾಹಿ ನೋಡುತ್ತಾ ಕೂತಿದ್ದರು. ಕಥೆಯ ಸೊಸೆಗೂ ಅಂಥದ್ದೇ ಮಚ್ಚೆ. ಚಿವುಟಿದರೂ ಗೊತ್ತಾಗದು. ಡಾಕ್ಟರು ಕುಷ್ಠರೋಗ ಎಂದರು. ಕಥೆಯ ಅತ್ತೆ ಅವಳ ಬಟ್ಟೆಗಂಟನ್ನು ಬೀದಿಗೆಸೆದು ಬಾಗಿಲು ಹಾಕಿಕೊಂಡಳು. ಅವತ್ತಿನ ಸಂಚಿಕೆ ಅಲ್ಲಿಗೇ ನಿಂತಿತು.

"ಸರಿಯಾಗೇ ಮಾಡಿದ್ಲು," ಅತ್ತೆ ಎದ್ದು ಟಿವಿ ಆರಿಸಿದರು. "ಅಂಥವರನ್ನ ಮನೇಲಿ ಇಟ್ಕೊಳ್ಳೋಕಾಗುತ್ತಾ?"

ಸೊಸೆ ತಟ್ಟನೆ ಎದ್ದಳು. ಒಳಗೆ ಹೋಗಿ ತನ್ನ ಮಚ್ಚೆಯನ್ನು ಚಿವುಟಿ ನೋಡಿದಳು. ನೋವೇ ಇಲ್ಲ. ಆಚೆ ಹಾಕಿದರೆ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ತಾನು ಮುಟ್ಟಿದ ಬಟ್ಟೆಯನ್ನು ಯಾರು ಉಡುತ್ತಾರೆ? ರಾತ್ರಿ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲೂ ಹೆದರಿದಳು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ನರ್ಸಮ್ಮ ಸಮವಸ್ತ್ರ ಕೊಡಲು ಬಂದಾಗ ಸುಟ್ಟ ವಾಸನೆ ಬಂತು. ಸೊಸೆಯ ಕೈ ಇಸ್ತ್ರಿಪೆಟ್ಟಿಗೆಗೆ ತಾಗಿತ್ತು. ಅವಳ ಪಾಡಿಗೆ ಅವಳು ಮಾತಾಡುತ್ತಲೇ ಇದ್ದಳು. ನರ್ಸಮ್ಮ ಕೈ ಎಳೆದು ತಣ್ಣೀರು ಸುರಿದರು. ಮಣಿಕಟ್ಟು ತಿರುಗಿಸಿ ಮಚ್ಚೆ ನೋಡಿದರು.

"ಯಾವಾಗಿಂದ ಇದೆ ಇದು?"

"ಮೆಲ್ಲಗೆ ಅಕ್ಕಾ, ಅತ್ತೆಗೆ ಕೇಳ್ಸುತ್ತೆ. ಧಾರಾವಾಹೀಲಿ ಆದ ಗತೀನೇ ನಂಗೂ ಆಗುತ್ತೆ."

ಅತ್ತೆ ಆಗಲೇ ಬಾಗಿಲಲ್ಲಿ ನಿಂತಿದ್ದರು. ಮುಖ ಬಿಳಚಿಕೊಂಡಿತ್ತು.

"ಮುಟ್ಟಿದ್ರೆ ಅಂಟುತ್ತಂತಲ್ಲ," ಎಂದರು. "ಟಿವೀಲೇ ಆಚೆ ಹಾಕಿದ್ರು."

"ಹಾಕಿದ್ದು ಸರಿ ಅಂತ ತೋರಿಸಿಲ್ಲ ಅಮ್ಮಾ," ಎಂದರು ನರ್ಸಮ್ಮ. "ಜನ ಹೀಗೆ ನಡ್ಕೋತಾರಲ್ಲ ಅಂತ ತೋರಿಸಿದ್ರು. ಕಥೆ ಇನ್ನೂ ಮುಗಿದಿಲ್ಲ, ನೀವು ಆಗಲೇ ತೀರ್ಪು ಕೊಟ್ಬಿಟ್ರಾ? ಬರೀ ಮುಟ್ಟಿದ್ರೆ ಇದು ಅಂಟಲ್ಲ, ಮಾತ್ರೆ ತಗೊಳ್ಳದವರ ಜೊತೆ ವರ್ಷಗಟ್ಟಲೆ ಇದ್ರೆ ಬರಬಹುದು ಅಷ್ಟೇ. ನಾನು ಹಿಡ್ಕೊಂಡೇ ಇದ್ದೀನಿ ನೋಡಿ. ಮಾತ್ರೆ ಇದೆ, ಸರ್ಕಾರಿ ಆಸ್ಪತ್ರೇಲಿ ದುಡ್ಡು ತಗೊಳ್ಳಲ್ಲ. ಮಾತ್ರೆ ಶುರುವಾದ್ರೆ ಹರಡೋದೂ ನಿಲ್ಲುತ್ತೆ. ಬಚ್ಚಿಟ್ರೆ ಮಾತ್ರ ಬೆರಳು ಸೊಟ್ಟಗಾಗುತ್ತೆ."

"ಎಷ್ಟು ವರ್ಷದ್ದಾದ್ರೂ ವಾಸಿಯಾಗುತ್ತಾ?" ಅತ್ತೆ ಕೇಳಿದರು.

"ರೋಗ ವಾಸಿಯಾಗುತ್ತೆ. ತಡ ಮಾಡಿದಷ್ಟೂ ಕೈಕಾಲಿಗೆ ಕೇಡು."

ಆ ಸಂಜೆಯ ಸಂಚಿಕೆಯಲ್ಲಿ ಡಾಕ್ಟರು ನಡುಬೀದಿಯಲ್ಲಿ ಆ ಸೊಸೆಯ ಕೈ ಹಿಡಿದು ಇದೇ ಮಾತು ಹೇಳಿದರು. ಅತ್ತೆ ಕೂರಲೂ ಇಲ್ಲ, ಟಿವಿ ಆರಿಸಲೂ ಇಲ್ಲ. ಬೆಳಗಾಗುತ್ತಲೇ, "ಆಸ್ಪತ್ರೆಗೆ ನಡಿ, ನಾನೂ ಬರ್ತೀನಿ" ಎಂದರು. ತನ್ನನ್ನು ಅಲ್ಲೇ ಬಿಟ್ಟು ಬರಲಿಕ್ಕೇನೋ ಎಂದು ಸೊಸೆಗೆ ದಾರಿಯುದ್ದಕ್ಕೂ ಪುಕಪುಕ.

ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಬರೆದರು. "ಮನೇಲಿ ಬೇರೆ ಯಾರಿಗಾದ್ರೂ ಇಂಥ ಮಚ್ಚೆ ಇದೆಯಾ?"

"ಇಲ್ಲ" ಎನ್ನಲು ಸೊಸೆ ಬಾಯಿ ತೆರೆದಳು. ಅತ್ತೆ ತಡೆದರು.

"ನನ್ನ ಬೆನ್ನ ಮೇಲಿದೆ. ತುಂಬಾ ವರ್ಷ ಆಯ್ತು. ಗೊತ್ತಾದ್ರೆ ನೀವೆಲ್ಲ ನನ್ನ ಆಚೆ ಹಾಕ್ತೀರಿ ಅಂತ ಹೆದರಿದ್ದೆ ಕಣಮ್ಮಾ. ನಿನಗೂ ನನ್ನಿಂದ್ಲೇ ಬಂತೇನೋ."

ಸೊಸೆಗೆ ಅಳು ಬಂತು. "ನಿಮ್ಮನ್ನ ಆಚೆ ಹಾಕಿ ನಾನು ಯಾರ ಹತ್ರ ಜಗಳ ಆಡ್ಲಿ ಅತ್ತೆ?" ಎಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಟಿವಿಯಲ್ಲೂ ಇಂಥ ಕಥೆ ಬಂದೀತು. "ಅಂಥವರಿಗೆ ಹಾಗೇ ಆಗಬೇಕು" ಎನ್ನುವ ಮೊದಲು ಪಕ್ಕದಲ್ಲಿ ಕೂತವರ ಮುಖ ನೋಡಿ. ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಮುಚ್ಚಿಡಬೇಡಿ, ಆಸ್ಪತ್ರೆಗೆ ತೋರಿಸಿ. ನಿಮ್ಮ ಬಾಯಿಂದ ಬಿದ್ದ ಒಂದು ಮಾತಿಗೆ ಹೆದರಿ, ನಿಮ್ಮ ಮನೆಯವರೇ ರೋಗ ಬಚ್ಚಿಟ್ಟುಕೊಂಡು ಕೂತಿರಬಹುದು.