ಉಸಿರಾಡುವ ಜಾಕೆಟ್ಟು

ನಮ್ಮದು ಕನ್ನಡಕದ ಅಂಗಡಿ. ಮುಂದಿನ ಭಾಗದಲ್ಲಿ ನನ್ನ ಗಂಡ ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಇಟ್ಟು, ಒಂದೊಂದೇ ಗಾಜು ಹಾಕಿ ತೆಗೆದು, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತಾರೆ. ಹಿಂದೆ, ಪ್ಲೈವುಡ್ ಗೋಡೆಯ ಆಚೆ, ನಾನು ಗಾಜನ್ನು ಯಂತ್ರಕ್ಕೆ ಹಿಡಿದು ಫ್ರೇಮಿನ ಅಳತೆಗೆ ಅಂಚು ಉಜ್ಜುತ್ತೇನೆ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ನನ್ನ ಕಿವಿಗೆ ಬೀಳುವುದು ಎರಡೇ ಸದ್ದು. ಒಂದು ಯಂತ್ರದ ಕಿರ್ರೋ. ಇನ್ನೊಂದು "ಇದಾ, ಇದಾ?"

ಬೇರೆ ಅಂಗಡಿಯಲ್ಲಿ ಟೀ ಆರುವಷ್ಟರಲ್ಲಿ ಮುಗಿಯುವ ಕೆಲಸ ಇವರಿಗೆ ಅರ್ಧ ದಿನ ಹಿಡಿಯುತ್ತದೆ. ಗಿರಾಕಿ ಬಾಯಿತಪ್ಪಿ "ಎರಡೂ ಒಂದೇ ಥರ ಇದೆ" ಅಂದನೋ, ಇವರ ಮುಖ ಅರಳುತ್ತದೆ, ಮತ್ತೆ ಮೊದಲಿಂದ ಶುರು. ಲಾರಿ ಡ್ರೈವರೊಬ್ಬ ಒಮ್ಮೆ ಕೈ ಮುಗಿದು, "ಸಾರ್, ನನ್ನ ಕಣ್ಣು ನಿಮ್ಮ ಕೈಗೆ ಕೊಟ್ಟಿದ್ದೀನಿ, ನೀವೇ ಏನಾದ್ರೂ ಹಾಕಿ ಕಳಿಸಿ, ಲೋಡು ಕಾಯ್ತಾ ಇದೆ" ಎಂದು ಬೇಡಿಕೊಂಡಿದ್ದ. ಆದರೆ ಇವರು ಕೊಟ್ಟ ಕನ್ನಡಕ ಸರಿಯಿಲ್ಲ ಎಂದು ಇವತ್ತಿನವರೆಗೆ ಯಾರೂ ವಾಪಸ್ ಬಂದಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಂಡನ ಮೇಲೆ ಚಾಡಿ ಹೇಳಿದಂತಾಗುತ್ತದೆ.

ಅಂಗಡಿಯಲ್ಲಿ ಈ ಗುಣ ಚೆಂದ. ಮನೆಯಲ್ಲಿ ಇದರ ಜೊತೆ ಏಗಿದವಳಿಗೇ ಗೊತ್ತು ಅದರ ಕಷ್ಟ. ನಮ್ಮ ಮದುವೆಯೂ ಹೀಗೇ ಆದದ್ದು. ನಾನು ಆಗ ಕನ್ನಡಕಕ್ಕೆ ಬಂದ ಗಿರಾಕಿ. ಕನ್ನಡಕ ಆಯಿತು, ಪರಿಚಯ ಆಯಿತು, ಟೀ ಆಯಿತು, ಸಿನಿಮಾ ಆಯಿತು. ಇವರು ಮಾತ್ರ ತುಟಿ ಬಿಚ್ಚಲಿಲ್ಲ. ಕಾದು ಕಾದು ಸಾಕಾಗಿ, ನಾನೇ ನಾಚಿಕೆ ಬಿಟ್ಟು, "ನನ್ನ ಮದುವೆ ಆಗ್ತೀರಾ, ಇಲ್ವಾ?" ಎಂದು ಕೇಳಿದೆ. "ಹೂಂ, ಆಗಬಹುದು" ಅಂದರು. ಆಗಬಹುದು! ಆ ಮಾತು ಇವತ್ತಿಗೂ ಅಂಗಾಲಿನ ಮುಳ್ಳಿನಂತೆ ಒಳಗೇ ಉಳಿದಿದೆ. ಸಂಸಾರದಲ್ಲಿ ನನಗೆ ಬೇರೆ ಕೊರತೆಯಿಲ್ಲ. ಒಂದೇ ಒಂದು ಸಲ ಇವರು ಯಾರನ್ನೂ ಕೇಳದೆ, ತಾವಾಗಿ, ನನಗೋಸ್ಕರ ಏನಾದರೂ ನಿರ್ಧಾರ ಮಾಡಬೇಕು ಎನ್ನುವುದು ನನ್ನ ಆಸೆ. ಕೇಳುವವರಿಗೆ ಸಣ್ಣದು ಅನ್ನಿಸಬಹುದು, ನನಗೆ ಅದು ಸಣ್ಣದಲ್ಲ.

ಹೋದ ವರ್ಷ ಡಾಕ್ಟರು ಇವರ ಹೊಟ್ಟೆ ತಟ್ಟಿ ನೋಡಿ ವ್ಯಾಯಾಮ ಮಾಡಿ ಅಂದರು. ನನ್ನ ತಮ್ಮ ಊರು ಬಿಡುವಾಗ ತನ್ನ ತೆಳು ಚಕ್ರದ ರೋಡ್ ಸೈಕಲ್ಲನ್ನು ನಮ್ಮಲ್ಲೇ ಬಿಟ್ಟು ಹೋಗಿದ್ದ, ಹಾಗಾಗಿ ಸೈಕಲ್ ಆರಿಸುವ ಕಂಟಕ ತಪ್ಪಿತು. ಇವರು ಭಾನುವಾರದ ಸವಾರರ ಗುಂಪೊಂದನ್ನು ಸೇರಿಕೊಂಡರು. ಅದರ ಮುಖಂಡರು ರಿಟೈರಾದ ವ್ಯಾಯಾಮದ ಮೇಷ್ಟ್ರು. ಯಾರು ಏನು ಹೇಳಿದರೂ ಅದಕ್ಕೆ ಎದುರು ಹೇಳುವುದರಿಂದ ಗುಂಪಿನವರು ಅವರಿಗೆ ಎದುರುಗಾಳಿ ಎಂದು ಹೆಸರಿಟ್ಟಿದ್ದರು. ಹಿಂದಿನ ಸಲ ಕಡಲ ದಂಡೆಯ ದೀಪಸ್ತಂಭದವರೆಗಿನ ಉದ್ದ ಸವಾರಿಯಲ್ಲಿ ಮಳೆಗೆ ಸಿಕ್ಕಿ ನನ್ನ ಗಂಡ ಗಡಗಡ ನಡುಗಿ, ಇಡೀ ಗುಂಪು ಬಸ್ ಸ್ಟಾಪಿನಲ್ಲಿ ಇವರಿಗೋಸ್ಕರ ಕಾಯಬೇಕಾಯಿತು. ದೀಪಸ್ತಂಭ ಹಾಗೇ ಉಳಿಯಿತು. "ಮುಂದಿನ ಸಲ ಮಳೆ ಜಾಕೆಟ್ ಇದ್ರೆ ಬನ್ನಿ. ಇಲ್ದಿದ್ರೆ ಮನೇಲಿ ಬೆಚ್ಚಗಿರಿ" ಎಂದು ಎದುರುಗಾಳಿ ಎಲ್ಲರೆದುರು ಹೇಳಿದರಂತೆ. ಹಳೆಯ ಸವಾರಿಗಳಲ್ಲಿ ದೀಪಸ್ತಂಭದ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡ ಫೋಟೋ ಗುಂಪಿನ ಎಲ್ಲರ ಹತ್ತಿರವೂ ಇತ್ತು, ಇವರೊಬ್ಬರನ್ನು ಬಿಟ್ಟು.

ಹೀಗೆ ಜಾಕೆಟ್ ಎನ್ನುವುದು ನಮ್ಮ ಮನೆಯ ಹೊಸ್ತಿಲು ದಾಟಿತು.

ಈ ಸೈಕಲ್ಲಿನವರ ಬನಿಯನ್ನಿಗೆ ಬೆನ್ನ ಕೆಳಗೆ ಸಾಲಾಗಿ ಜೇಬುಗಳಿರುತ್ತವೆ. ಜಾಕೆಟ್ ಮಡಚಿದರೆ ಅಲ್ಲಿ ಒಂದು ಜೇಬಿಗೆ ಹೋಗಬೇಕು. ಬಿಡಿಸಿದರೆ ಮಳೆ ತಡೆಯಬೇಕು. ಒಳಗಿನ ಬೆವರು ಹೊರಗೆ ಹೋಗಬೇಕು. ಗಾಳಿಗೆ ಪಟಪಟ ಹೊಡೆದುಕೊಳ್ಳಬಾರದು. ಬಗ್ಗಿ ಕೂತಾಗ ಸೊಂಟ ಮುಚ್ಚಬೇಕು, ಆದರೆ ಸೀಟಿಗೆ ಸಿಕ್ಕಿಕೊಳ್ಳಬಾರದು. ಇದನ್ನೆಲ್ಲ ಕೇಳಿಸಿಕೊಂಡ ನಮ್ಮತ್ತೆ, "ಇಷ್ಟು ಗುಣ ಹುಡುಕಿದ್ರೆ ಅಳಿಯನೇ ಸಿಗಲ್ಲ, ಜಾಕೆಟ್ ಸಿಗುತ್ತಾ?" ಅಂದರು.

ಇವರು ಒಂದು ತರಿಸಿದರು. ಒಂದನ್ನೇ ನೋಡಿದರೆ ಹೇಗೆ ಗೊತ್ತಾಗಬೇಕು? ಇನ್ನೊಂದು ತರಿಸಿದರು. ಗೆದ್ದದ್ದನ್ನು ಇಟ್ಟುಕೊಂಡು, ಸೋತದ್ದನ್ನು ವಾಪಸ್ ಕಳಿಸಿ, ಗೆದ್ದದ್ದರ ಜೊತೆ ಕುಸ್ತಿಗೆ ಮತ್ತೊಂದು ತರಿಸಿದರು. ಪಾರ್ಸೆಲ್ಲಿನವನು ಬಾಗಿಲಲ್ಲಿ, "ಅಮ್ಮಾ, ಇವತ್ತು ತಗೊಳ್ಳೋದಾ, ಕೊಡೋದಾ?" ಎಂದು ಕೇಳುವ ಹಾಗಾಯಿತು.

ಪರೀಕ್ಷೆ ನಡೆಯುತ್ತಿದ್ದದ್ದು ಬಚ್ಚಲುಮನೆಯಲ್ಲಿ. ಇವರು ಜಾಕೆಟ್ ತೊಟ್ಟು, ಸ್ಟೂಲಿನ ಮೇಲೆ ಕೂತು, ಮುಂದೆ ಬೋರಲು ಹಾಕಿದ ಬಕೆಟ್ಟನ್ನು ಹ್ಯಾಂಡಲ್ಲಿನಂತೆ ಹಿಡಿದು ಬಗ್ಗುವುದು. ನಾನು ಹಿಂದೆ ನಿಂತು ಚೊಂಬಿನಿಂದ ಮಳೆ ಸುರಿಸುವುದು.

"ಸ್ವಲ್ಪ ಓರೆಯಾಗಿ ಸುರಿಯೇ. ಗಾಳಿ ಮಳೆ ನೇರ ಬೀಳಲ್ಲ."

"ಗಾಳಿ ನಾನೇ ಊದ್ಲಾ?"

"ಊದಿದ್ರೆ ಒಳ್ಳೇದು."

ಅಷ್ಟರಲ್ಲಿ ಅತ್ತೆ ಬಾಗಿಲು ತಳ್ಳಿಕೊಂಡು ಬಂದರು. ತಾವು ಹೆತ್ತ ಮಗ ಬಟ್ಟೆ ಹಾಕಿಕೊಂಡೇ ಸ್ನಾನ ಮಾಡುತ್ತ ಬಕೆಟ್ಟಿಗೆ ನಮಸ್ಕಾರ ಹಾಕುತ್ತಿರುವುದನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟರು.

"ಬೆವರು ಹೊರಗೆ ಹೋಗುತ್ತಾ ಅಂತ ನೋಡ್ತಿದ್ದೀನಮ್ಮ. ಈ ಬಟ್ಟೆ ಉಸಿರಾಡುತ್ತೆ" ಅಂದರು ಇವರು.

"ಬಟ್ಟೆ ಉಸಿರಾಡುತ್ತಾ?"

"ಹೂಂ."

"ಹಾಗಾದ್ರೆ ಬೀರುವಿನಲ್ಲಿ ಮುಚ್ಚಿಡಬೇಡಪ್ಪ, ಪಾಪ, ಉಸಿರು ಕಟ್ಟಿ ಹೋದೀತು" ಎಂದು ಅತ್ತೆ ಬಾಗಿಲೆಳೆದುಕೊಂಡು ಹೋದರು.

ದೀಪಸ್ತಂಭಕ್ಕೆ ಮತ್ತೆ ಹೊರಡುವ ಸವಾರಿಯ ಹಿಂದಿನ ಸಂಜೆ ಅಖಾಡದಲ್ಲಿ ಎರಡು ಉಳಿದಿದ್ದವು, ಹಳದಿ ಮತ್ತು ನೀಲಿ. ಹಳದಿ ಎಂಥ ಮಳೆಗೂ ಜಗ್ಗುತ್ತಿರಲಿಲ್ಲ, ಆದರೆ ಒಳಗೆ ಬೆವರಿನಲ್ಲೇ ಸ್ನಾನ. ನೀಲಿ ಚೆನ್ನಾಗಿ ಉಸಿರಾಡುತ್ತಿತ್ತು, ಆದರೆ ಮಳೆ ಜೋರಾದರೆ ಸೋಲೊಪ್ಪುತ್ತಿತ್ತು. ನಾನು ಒಗೆದ ಬಟ್ಟೆ ಮಡಚುತ್ತ ಕೂತಿದ್ದೆ. ಇವರು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಎದುರಿಗೆ ಬಂದು ನಿಂತರು.

"ಇದಾ," ಅಂದರು. ಕೈ ಬದಲಾಯಿಸಿದರು. "ಇದಾ?"

ನನ್ನ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು.

"ನಿಮಗೆ ಜೀವನದಲ್ಲಿ ಒಂದು ಸಲನಾದ್ರೂ 'ಇದೇ' ಅನ್ನೋಕೆ ಬರುತ್ತೇನ್ರೀ? ನನ್ನ ಮದುವೆ ಆಗೋದನ್ನೂ ನಾನೇ ಕೇಳ್ಬೇಕಾಯ್ತು. ನಾನು ಬಾಯಿ ಬಿಡದೆ ಇದ್ದಿದ್ರೆ ಇವತ್ತಿಗೂ ನನಗೆ ಗಾಜು ಬದಲಾಯಿಸ್ತಾ ಕೂತಿರ್ತಿದ್ರಿ. ನಾಳೆ ಯಾವುದು ಹಾಕ್ಕೋಬೇಕೋ ನೀವೇ ನೋಡ್ಕೊಳ್ಳಿ. ಇನ್ನೊಂದು ಸಲ 'ಇದಾ ಇದಾ' ಅಂದ್ರೆ ನಮ್ಮಕ್ಕನ ಮನೆಗೆ ನಡ್ಕೊಂಡೇ ಹೊರಟುಹೋಗ್ತೀನಿ!"

ಇವರು ಎರಡು ಜಾಕೆಟ್ಟನ್ನೂ ಎದೆಗೆ ಅವಚಿಕೊಂಡು ಒಳಗೆ ಹೋದರು. ನನಗೆ ಪಾಪ ಅನ್ನಿಸಿತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಇವರು ಹೊರಟುಹೋಗಿದ್ದರು. ನಮ್ಮಲ್ಲಿ ಒಳ್ಳೆ ಬಿಸಿಲು. ಅತ್ತೆ ಟೀ ಕುಡಿಯುತ್ತಿದ್ದರು, ನಾನು ಮುಖ ಊದಿಸಿಕೊಂಡು ಅಡುಗೆಮನೆ ಒರೆಸುತ್ತಿದ್ದೆ. ಆಗ ಫೋನು ಸದ್ದು ಮಾಡಿತು. ಇವರ ಮೆಸೇಜು.

"ನೀನು ಹೇಳಿದ್ದೇ ಸರಿ. ನೆನೀತಾ ಇದ್ದೀನಿ."

ನಾನು ಒರೆಸುವ ಬಟ್ಟೆ ಕೆಳಗಿಟ್ಟೆ. ಮತ್ತೊಮ್ಮೆ ಓದಿದೆ. ಹಾಲು ತಾ, ಬೀಗ ಹಾಕು, ಕರೆಂಟ್ ಬಂತಾ, ಇದರ ಹೊರತು ಬೇರೇನೂ ಬರೆಯದ ಮನುಷ್ಯ. ದೀಪಸ್ತಂಭದ ದಾರಿಯಲ್ಲಿ ಸೈಕಲ್ ನಿಲ್ಲಿಸಿ, ನನ್ನ ಮಾತು ಮನಸ್ಸಿಗೆ ತಾಗಿ, ನನ್ನನ್ನು ನೆನೆಯುತ್ತಿದ್ದಾರೆ! ತಡೆಯಲಾರದೆ ಅತ್ತೆಗೂ ಓದಿ ಹೇಳಿದೆ.

"ಅಯ್ಯೋ, ಹುಡುಗ ಒದ್ದೆಯಾಗ್ತಾ ಇದ್ದಾನಲ್ಲೇ" ಅಂದರು ಅತ್ತೆ.

"ಒದ್ದೆ ಅಲ್ಲ ಅತ್ತೆ, ನನ್ನನ್ನ ನೆನೀತಾ ಇದ್ದಾರೆ. ಕಿಟಕಿ ಆಚೆ ನೋಡಿ, ಎಲ್ಲಿದೆ ಮಳೆ?"

"ಇಲ್ಲಿಲ್ಲ ಅಂದ್ರೆ ಅಲ್ಲೂ ಇಲ್ವಾ? ನಿನ್ನನ್ನ ಆದ್ರೆ 'ನೆನಪಿಸ್ಕೊಳ್ತಾ ಇದ್ದೀನಿ' ಅಂತ ಬರೀತಿದ್ದ."

"ಸೈಕಲ್ ಮೇಲೆ ಕೂತವರು ಅಷ್ಟು ಉದ್ದ ಬರೀತಾರಾ?"

ಅತ್ತೆ ಲೋಟ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. "ನೋಡೇ, ಇವನಪ್ಪನ ಜೊತೆ ನಾನು ಅಷ್ಟು ವರ್ಷ ಬಾಳಿದೋಳು. ಈ ಮನೆ ಗಂಡಸರು ನೆನೆಯೋದು ಮಳೇಲಿ ಮಾತ್ರ."

ನಾನು ಕೇಳಲಿಲ್ಲ. ಬದುಕಿನಲ್ಲಿ ಸಿಕ್ಕಿದ ಒಂದೇ ಒಂದು ಪ್ರೇಮಪತ್ರವನ್ನು ವ್ಯಾಕರಣಕ್ಕೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಕೋಣೆಗೆ ಹೋಗಿ, ಕದ ಮುಂದೆ ಮಾಡಿ, ಉತ್ತರ ಬರೆದೆ. "ನಾನೂ ನೆನೀತಾ ಇದ್ದೀನಿ."

ಆಮೇಲೆ ಇವರಿಂದ ಸುದ್ದಿಯೇ ಇಲ್ಲ. ನಾಚಿಕೊಂಡಿರಬೇಕು ಅಂದುಕೊಂಡೆ. ಹಾಡು ಗುನುಗುತ್ತ ತಲೆ ಬಾಚಿಕೊಂಡೆ. ಇವರು ದೀಪಸ್ತಂಭ ಮುಟ್ಟಿ, ಫೋಟೋ ತೆಗೆಸಿಕೊಂಡು, ಸಂಜೆಗೆ ಬರುವವರು. ಆದರೆ ಮಧ್ಯಾಹ್ನಕ್ಕೆ ಮುಂಚೆಯೇ ನಮ್ಮಕ್ಕನ ಫೋನು ಬಂತು. ಅವಳ ಮನೆ ಇರುವುದು ಊರಾಚೆ, ದೀಪಸ್ತಂಭದ ರಸ್ತೆಯಲ್ಲೇ.

"ಏನೇ ಆಯ್ತು ನಿಮಗೆ? ನಿನ್ನ ಗಂಡ ಮಳೇಲಿ ತೋಯ್ದ ಕೋಳಿ ಥರ ಬಂದು ಬಾಗಿಲಲ್ಲಿ ನಿಂತು, 'ಅವಳು ಬಂದ್ಲಾ, ಅವಳು ಬಂದ್ಲಾ' ಅಂತಿದ್ರು. ಇಲ್ಲ ಅಂದೆ. ನೀರು ಕೂಡ ಕುಡೀದೆ ಸೈಕಲ್ ಹತ್ತಿ ನಿಮ್ಮ ಮನೆ ಕಡೆ ಹೋದ್ರು. ಜಗಳ ಮಾಡ್ಕೊಂಡ್ರಾ?"

ನಮ್ಮ ಮಧ್ಯೆ ನಡೆಯುತ್ತಿದ್ದದ್ದು ಪ್ರೇಮ ಎಂದೇ ನಾನು ತಿಳಿದಿದ್ದೆ.

ಗೇಟಿನ ಸದ್ದಾಗಿ ಬಾಗಿಲು ತೆಗೆದರೆ ಇವರು. ಮೈಯೆಲ್ಲ ಕೆಸರು, ತುಟಿ ನೀಲಿಗಟ್ಟಿದೆ, ಶೂನಿಂದ ಪಚಪಚ ನೀರು. ಸೈಕಲ್ಲನ್ನು ಗೋಡೆಗೆ ಒರಗಿಸಲೂ ಇಲ್ಲ, ಬಿಸಾಡಿ ಬಂದರು. ನನ್ನ ತಲೆ ಮುಟ್ಟಿದರು. ತೋಳು ಮುಟ್ಟಿದರು.

"ಒದ್ದೇನೇ ಆಗಿಲ್ವಲ್ಲೇ ನೀನು!"

"ಇಲ್ಲಿ ಮಳೆಯೇ ಬಂದಿಲ್ಲ. ನಾನೇಕೆ ಒದ್ದೆಯಾಗ್ಲಿ?"

"ಮತ್ತೆ ನೀನೂ ನೆನೀತಾ ಇದ್ದೀನಿ ಅಂದೆ? ಅಲ್ಲಿ ಬಾನು ತೂತು ಬಿದ್ದ ಹಾಗೆ ಸುರೀತಿತ್ತು. ನೀನು ನಿನ್ನೆ ಹೇಳಿದ ಹಾಗೆ ಅಕ್ಕನ ಮನೆಗೆ ನಡ್ಕೊಂಡು ಹೊರಟಿದ್ದೀಯ, ದಾರಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದೀಯ ಅಂತ... ಫೋನ್ ಮಾಡೋಣ ಅಂದ್ರೆ ನೀರು ಹೋಗಿ ಫೋನೂ ಸತ್ತುಹೋಯ್ತು."

"ನಿನ್ನನ್ನ ನೆನೀತಾ ಇದ್ಲು ಕಣೋ, ದಡ್ಡ" ಅಂದರು ಒಳಗಿನಿಂದ ಅತ್ತೆ. "ನೀನು ಅವಳನ್ನ ನೆನೀತಾ ಇದ್ದೀಯ ಅಂದ್ಕೊಂಡು."

ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಹಾಗಾದ್ರೆ ನೀವು ಬರೆದದ್ದು?" ಎಂದು ಕೇಳಿದೆ. ಉತ್ತರ ನೆಲದ ಮೇಲೆ ಹರಿಯುತ್ತಲೇ ಇತ್ತು, ಆದರೂ ಕೇಳಿದೆ.

"ನಾನು... ಮಳೇಲಿ" ಅಂದರು ಮೆಲ್ಲಗೆ.

ನನ್ನ ಪ್ರೇಮಪತ್ರ ಕಣ್ಣೆದುರೇ ಕರಗಿಹೋಯಿತು. ಅಳು ಬರುವಂತಾಯಿತು. ಅಳು ಬರುವಾಗ ನನಗೆ ಮೊದಲು ಬರುವುದು ಸಿಟ್ಟು.

"ಮಳೇಲಿ ಯಾಕೆ ನೆನೆದ್ರಿ? ಜಾಕೆಟ್ ಎಲ್ಲಿ? ಅಷ್ಟೊಂದು ಚೊಂಬು ನೀರು ಸುರಿದೆನಲ್ಲ, ಎಲ್ಲಿ ಅದು?"

ಇವರು ತಡವರಿಸುತ್ತ ಬೆನ್ನ ಹಿಂದೆ ಕೈ ಹಾಕಿದರು. ಒಂದು ಜೇಬಿನಿಂದ ಹಳದಿ ಬಂತು. ಇನ್ನೊಂದರಿಂದ ನೀಲಿ ಬಂತು. ಎರಡೂ ಮಡಚಿದ ಮಡಿಕೆ ಬಿಚ್ಚಿರಲಿಲ್ಲ.

"ಎರಡನ್ನೂ ತಗೊಂಡು ಹೋಗಿದ್ದೆ. ಮಳೆ ಶುರುವಾದಾಗ ಇದು ಹಾಕ್ಕೊಳ್ಳೋ ಮಳೆನಾ, ಅದು ಹಾಕ್ಕೊಳ್ಳೋ ಮಳೆನಾ ಅಂತ ನೋಡ್ತಾ ನಿಂತಿದ್ದೆ. ಅಷ್ಟರಲ್ಲಿ ಪೂರ್ತಿ ನೆನೆದುಹೋಗಿದ್ದೆ. ನನಗೆ ಆರಿಸೋಕೆ ಬರಲ್ಲ ಅಂದ್ಯಲ್ಲ, ಅದೇ ಸರಿ ಅಂತ ನಿನಗೆ ಮೆಸೇಜು ಮಾಡಿದೆ."

ಒಳಗೆ ಅತ್ತೆ ನಕ್ಕ ಸದ್ದು ಕೇಳಿಸಿತು. ನನಗೂ ನಗು ಬಂತು, ಆದರೆ ತಡೆದುಕೊಂಡೆ.

"ದೀಪಸ್ತಂಭ?"

"ಕಾಣಿಸ್ತಾ ಇತ್ತು. ಇನ್ನೊಂದು ಏರು ಹತ್ತಿ ಇಳಿದಿದ್ರೆ ಬಂದೇಬಿಡ್ತಿತ್ತು."

"ಎದುರುಗಾಳಿ ಏನೂ ಅನ್ಲಿಲ್ವಾ?"

"ಹಿಂದಿನಿಂದ ಏನೋ ಕೂಗ್ತಾ ಇದ್ರು. ಮಳೆ ಸದ್ದಿಗೆ ಕೇಳಿಸ್ಲಿಲ್ಲ."

ನಾನು ಹಗ್ಗದ ಮೇಲಿನ ಟವೆಲ್ ಎಳೆದುಕೊಂಡು ಹತ್ತಿರ ಹೋದೆ. "ಅಲ್ಲ, ಜಾಕೆಟ್ ಹಾಕ್ಕೊಳ್ಳೋಕೆ ಮಳೇಲಿ ಅಷ್ಟು ಹೊತ್ತು ಯೋಚ್ನೆ ಮಾಡ್ತಾ ನಿಂತವರು, ನನ್ನ ಮೆಸೇಜು ನೋಡಿ ವಾಪಸ್ ತಿರುಗೋಕೆ ಎಷ್ಟು ಹೊತ್ತು ಯೋಚ್ನೆ ಮಾಡಿದ್ರಿ?"

ಇವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಣ್ಣಿಗೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಂಡು, ಇದೆಂಥ ಮಾತು ಎಂಬಂತೆ ನನ್ನನ್ನು ನೋಡಿದರು.

"ಅದರಲ್ಲಿ ಯೋಚ್ನೆ ಮಾಡೋಕೆ ಏನಿದೆ? ನೀನು ಮಳೇಲಿದ್ದೆ" ಅಂದರು.

ಟವೆಲ್ಲನ್ನು ಇವರ ತಲೆಯ ಮೇಲೆ ಹಾಕಿ, ನನ್ನ ಮುಖ ಕಾಣದ ಹಾಗೆ ಮಾಡಿ, ಇದ್ದಬದ್ದ ಕೂದಲು ಕಿತ್ತು ಬರುವಷ್ಟು ಜೋರಾಗಿ ಒರೆಸಿದೆ.